ಹುನಗುಂದದ ಗುಡ್ಡದ ಹಲ್ಲಿಗಳು

ಬಾದಾಮಿಯ ಕೆಂಪು ಮರಳುಗಲ್ಲಿನ ಹಲ್ಲಿಯನ್ನೂ ಇಳಕಲ್ಲಿನ ಗ್ರಾನೈಟ್ ಬಂಡೆಯ ಹಲ್ಲಿಯನ್ನೂ ಅಕ್ಕಪಕ್ಕ ಇಟ್ಟರೆ ನನಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿದ್ಯಾಗಿರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ, ರಜೆ ಸಿಕ್ಕಾಗಲೆಲ್ಲ ಇವುಗಳ ಬಾಲದ ತುದಿ ಕತ್ತರಿಸಿ ಡಿಎನ್‌ಎ ಪರೀಕ್ಷೆಗೆ ಕಳಿಸುತ್ತಿದ್ದೆ. ಎರಡೂ ಬೇರೆ ಬೇರೆ ಪ್ರಭೇದ ಎಂದು ಉತ್ತರ ಬಂದಿತ್ತು. ನಡುವಿನ ಎರೆಹೊಲಗಳೇ ಕಾರಣವೆಂದು ನನ್ನ ಊಹೆ. ಬಂಡೆಯ ಬಿರುಕಿನಲ್ಲಿ ಬದುಕುವ ಹಲ್ಲಿ ಆ ಕಪ್ಪು ಮಣ್ಣು ದಾಟುವುದಿಲ್ಲ. ಎಷ್ಟೋ ತಲೆಮಾರು ಒಂದನ್ನೊಂದು ಕೂಡದೆ ಉಳಿದರೆ ರಕ್ತವೇ ಬೇರೆಯಾಗುತ್ತದೆ.

ಹುನಗುಂದದ ಆಚೆ, ಹೊಲಗಳ ನಡುವೆ ಒಂಟಿ ಗುಡ್ಡವೊಂದಿತ್ತು. ಅಲ್ಲಿಯ ಹಲ್ಲಿ ಯಾವ ಕಡೆಯದೋ ನೋಡಬೇಕೆಂದು ಯಜಮಾನರ ಬೈಕಿನಲ್ಲಿ ಹೋದೆ. ಅರ್ಧ ಗುಡ್ಡ ಆಗಲೇ ಇರಲಿಲ್ಲ. ಕಲ್ಲು ತೆಗೆಯುತ್ತಿದ್ದರು.

"ಹಲ್ಲಿ ಹಿಡ್ಯಾಕ ಇಷ್ಟು ದೂರ ಬಂದೀರೇನ್ರಿ, ಅಕ್ಕಾರ? ನಿಮ್ಮ ಮನ್ಯಾಗ ಇಲ್ಲೇನ್ರಿ?" ಎಂದ ಕಾವಲಿನವ.

"ಅದಾವ್ರಿ. ಇವು ಬ್ಯಾರೆ," ಎಂದೆ. ಬಿಡಿಸಿ ಹೇಳುವ ಶಕ್ತಿ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ಹತ್ತಿದೆ. ಮೂರು ಸಿಕ್ಕವು. ಬಾಲದ ತುದಿ ತೆಗೆದುಕೊಂಡು, ಸಿಕ್ಕ ಬಿರುಕಿಗೇ ಬಿಟ್ಟು ಬಂದೆ.

ಉತ್ತರ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಅವು ಬಾದಾಮಿಯವೂ ಅಲ್ಲ, ಇಳಕಲ್ಲಿನವೂ ಅಲ್ಲ. ಆ ಒಂದೇ ಗುಡ್ಡದಲ್ಲಿ ಬೇರೆಯಾಗಿಯೇ ಬೆಳೆದುಬಂದ ಮೂರನೆಯ ಪ್ರಭೇದ. ಕುಣಿಯಬೇಕಿತ್ತು. ನಾನು ಕುರ್ಚಿಯಲ್ಲಿ ಕೂತೇ ಇದ್ದೆ.

ಆಮೇಲೆ ಗುಡ್ಡ ಒಡೆಯುವುದನ್ನು ನಿಲ್ಲಿಸಿ ಎಂದು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದೆ. ಒಬ್ಬ ಸಾಹೇಬರು ಚಹಾ ಕೊಟ್ಟು, "ಹುಲಿ ಇದ್ರ ಮಾತ್ ಬ್ಯಾರೆ ಇತ್ರಿ, ಮೇಡಂ," ಎಂದು ಕಳಿಸಿದರು.

"ಒಂದ್ ನಾಕ್ ಹಿಡ್ದು ಬಾದಾಮಿ ಬಂಡೆಗೆ ಬಿಟ್ರ ಆಗೂದಿಲ್ಲೇನು?" ಯಜಮಾನರು ಕೇಳಿದರು.

"ಅಲ್ಲಿ ಹಲ್ಲಿಗಳ ಜೋಡಿ ಕೂಡಿಬಿಟ್ರ ಇವು ಬ್ಯಾರೆ ಆಗಿ ಉಳಿಯೂದಿಲ್ರಿ."

"ಹಂಗಾರ ಸುಮ್ನ ಇರು. ಭಾಳ ದಣದಿ ನೀ."

ಸುಮ್ಮನಿದ್ದೆ. ಈ ಬೇಸಿಗೆಯಲ್ಲಿ ಮತ್ತೆ ಹೋದಾಗ ಯಂತ್ರಗಳು ಹೊರಟುಹೋಗಿದ್ದವು. ಪಡುವಣ ಮೂಲೆಯ ಬಂಡೆಗಳಷ್ಟೇ ಉಳಿದಿದ್ದವು. ನನ್ನ ಅರ್ಜಿ ಯಾರಾದರೂ ಓದಿದರೇನೋ ಎಂದು ಕ್ಷಣ ಆಸೆಯಾಯಿತು.

"ಅದು ಬರೇ ಬಿರುಕಿನ ಕಲ್ಲು ಐತ್ರಿ, ಅಕ್ಕಾರ. ಪಾಲಿಶಿಗೆ ಬರೂದಿಲ್ಲ. ಬಿಟ್ಟು ಹೋದ್ರು," ಎಂದ ಅದೇ ಕಾವಲಿನವ.

ನನಗೆ ಹತ್ತಲಾಗಲಿಲ್ಲ. ಬೇವಿನ ನೆರಳಲ್ಲಿ ಕೂತೆ. ಯಜಮಾನರು ಬ್ಯಾಟರಿ ಹಿಡಿದು ಒಬ್ಬರೇ ಹೋದರು. ಬಿರುಕುಗಳೊಳಗೆ ಬೆಳಕು ಬಿಟ್ಟು, ಬಗ್ಗಿ ಬಗ್ಗಿ ನೋಡುವುದು ಕೆಳಗಿನಿಂದ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಕೂಗಿದರು: "ಅದಾವ! ಸಣ್ಣ ಮರಿನೂ ಐತಿ!"

"ಮುಟ್ಟಬ್ಯಾಡ್ರಿ, ಇಳದ್ ಬರ್ರಿ," ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ದಣಿವಿಗೆ ನನಗೆ ಕೂತಲ್ಲೇ ನಿದ್ದೆ ಎಳೆಯುತ್ತಿತ್ತು.