ರೆಕ್ಸಿನ್ ಮೇಲಿನ ಉದ್ದ ಹೊಲಿಗೆ

ಆಗೆಲ್ಲ ಅಜ್ಜಂಪುರದ ಅತ್ತೆ ಮನೆಯಲ್ಲಿ ಕುರ್ಚಿ ಹಳತಾಯಿತೆಂದು ಅಟ್ಟ ಸೇರುತ್ತಿರಲಿಲ್ಲ. ಅತ್ತೆ ಗಾದಿ ಬಿಚ್ಚಿ, ಒಳಗಿನ ತೆಂಗಿನ ನಾರನ್ನು ಬಿಸಿಲಿಗೆ ಹರಡಿ, ಹೊಸ ಹೊದಿಕೆ ಹೊಲಿಯುತ್ತಿದ್ದರು. ದುಡ್ಡಿಗಾಗಿ ಅಲ್ಲ, ಅದು ಅವರ ಹವ್ಯಾಸ. ಎಂಬತ್ತೊಂದರ ಬೇಸಿಗೆ ರಜೆಗೆ ಕಡೂರಿನಿಂದ ನಾನು, ತರೀಕೆರೆಯಿಂದ ಚಿಕ್ಕಪ್ಪನ ಮಗಳು ಗಿರಿಜೆ ಅಲ್ಲಿಗೆ ಹೋಗಿದ್ದೆವು. ನನಗೆ ಹನ್ನೆರಡು, ಅವಳಿಗೆ ಹನ್ನೊಂದು. ಚೌಕಾಬಾರ ಮೂರೇ ದಿನಕ್ಕೆ ಬೇಸರವಾಗಿ, ಎಣ್ಣೆ ವಾಸನೆಯ ಅತ್ತೆಯ ಹೊಲಿಗೆ ಮಿಷನ್ ಮುಂದೆ ನಾವೂ ಕೂತೆವು.

ಮೊದಲು ಹಳೆ ದುಪ್ಪಟಿಯ ಮೇಲೆ ಅಭ್ಯಾಸ. ಮೂಲೆಗೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಬೇಕು, ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದ ಎತ್ತಿ ಬಟ್ಟೆ ತಿರುಗಿಸಬೇಕು. ಆಮೇಲೆ ಮಗುಚಿ, ಅಂಚಿನುದ್ದಕ್ಕೂ ಮೇಲುಹೊಲಿಗೆ. ನಾನು ಡೈರಿಯಲ್ಲಿ ಲೆಕ್ಕ ಇಡುತ್ತಿದ್ದೆ. ಮೇ ಎಂಟು: ನನ್ನ ಮೂಲೆ ಹದಿನಾರು, ನೆಟ್ಟಗಿದ್ದದ್ದು ಐದು. ಗಿರಿಜೆಯದು ಹನ್ನೆರಡು, ಹನ್ನೆರಡೂ ನೆಟ್ಟಗೆ. ನನ್ನವು ನಾಯಿಕಿವಿಯ ಹಾಗೆ ಜೋಲುತ್ತಿದ್ದವು. ಅವಳು ಲೆಕ್ಕವನ್ನೇ ಇಡುತ್ತಿರಲಿಲ್ಲ. ಅದು ಇನ್ನೂ ಉರಿಸುತ್ತಿತ್ತು.

ಒಂದು ದಿನ ಅತ್ತೆ ಇಬ್ಬರಿಗೂ ಕೆಂಪು ರೆಕ್ಸಿನ್ ಕೊಟ್ಟರು. "ಒಂದೊಂದು ಗಾದಿ ಹೊಲೀರಿ, ನಾನು ಹೇಳ್ಕೊಡಲ್ಲ. ಯಾರ್ದು ಚೆನ್ನಾಗಿರುತ್ತೋ ಅವ್ರು ನಿಮ್ಮಾವನ ಆರಾಮ ಕುರ್ಚಿಗೆ ಹೊಲೀಲಿ."

"ಅಕ್ಕಂಗೇ ಕೊಟ್ಬಿಡಿ ಅತ್ತೆ, ಇಲ್ಲಾಂದ್ರೆ ಡೈರೀಲಿ ನನ್ ಹೆಸ್ರು ಕೆಂಪು ಇಂಕಲ್ಲಿ ಬರೀತಾಳೆ," ಎಂದು ಗಿರಿಜೆ ನಕ್ಕಳು.

ಹೊಲಿಗೆ ಒತ್ತಾದಷ್ಟೂ ಗಟ್ಟಿ ಎಂದು ನನ್ನ ನಂಬಿಕೆ. ಹೊಲಿಗೆಯ ಉದ್ದ ಹೆಚ್ಚು ಕಡಿಮೆ ಮಾಡುವ ತಿರುಪನ್ನು ಸಣ್ಣಕ್ಕಿಟ್ಟು, ಅಂಗುಲಕ್ಕೆ ಹದಿನಾಲ್ಕು ಬರುವಂತೆ ಹೊಲಿದೆ. ಮುಂದಿನ ಸರದಿ ಅವಳದು. ಅವಳು ಮಾವಿನಕಾಯಿ ಹೆಚ್ಚಲು ಒಳಗೆ ಹೋದಾಗ ತಿರುಪನ್ನು ಪೂರ್ತಿ ಉದ್ದಕ್ಕೆ ತಿರುಗಿಸಿದೆ. ಅವಳ ಹೊಲಿಗೆ ಸಡಿಲವಾಗಲಿ, ಸೋಲಲಿ ಅಂತ. ತಲೆ ಎತ್ತಿದರೆ ಗಿರಿಜೆ ಬಾಗಿಲಲ್ಲಿದ್ದಳು. ನನ್ನ ಕೈ ಇನ್ನೂ ತಿರುಪಿನ ಮೇಲಿತ್ತು. ಅವಳು ಉಪ್ಪುಖಾರ ಹಚ್ಚಿದ ಒಂದು ಹೋಳು ನನಗೆ ಕೊಟ್ಟು ಹೊಲಿಯಲು ಕೂತಳು.

ಸಂಜೆ ಮಾವ ನನ್ನ ಗಾದಿಯ ಮೇಲೆ ಕೂತರು. ಪರ್ ಎಂದು ಸದ್ದಾಯಿತು. ಸೂಜಿತೂತಿನ ಸಾಲಿನುದ್ದಕ್ಕೂ ರೆಕ್ಸಿನ್ ಅಂಚೆಚೀಟಿಯ ಹಾಗೆ ಹರಿದಿತ್ತು. ಗಿರಿಜೆಯದರ ಮೇಲೆ ಕೂತು ಕುಲುಕಾಡಿದರು, ಏನೂ ಆಗಲಿಲ್ಲ.

"ರೆಕ್ಸಿನ್‌ಗೆ ಉದ್ದ ಹೊಲಿಗೇನೇ ಹಾಕ್ಬೇಕು ಕಣ್ರೇ. ಒತ್ತಾಗಿ ಚುಚ್ಚಿದ್ರೆ ಹರಿದೋಗುತ್ತೆ," ಎಂದರು ಅತ್ತೆ. "ನಿಂಗೆ ಹೆಂಗೆ ಗೊತ್ತಾಯ್ತೇ ಗಿರಿಜಿ?"

"ನಂಗೆಲ್ಲಿ ಗೊತ್ತು ಅತ್ತೆ. ಅಕ್ಕ ತಿರುಪು ಸರಿ ಮಾಡಿಟ್ಟಿದ್ಲು. ತನ್ದು ಹೊಲ್ದಾದ್ಮೇಲೆ ಗೊತ್ತಾಗಿರ್ಬೇಕು, ಪಾಪ."

ಅತ್ತೆ ನನ್ನ ತಲೆ ಸವರಿ, ಆರಾಮ ಕುರ್ಚಿಗೆ ಇಬ್ಬರೂ ಸೇರಿ ಹೊಲಿಯಿರಿ ಎಂದರು. ನಾನು ಬಾಯಿ ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಆ ದಿನದ ಡೈರಿಯಲ್ಲಿ "ಗಾದಿ ಎರಡು, ಹರಿದದ್ದು ಒಂದು" ಎಂದಷ್ಟೇ ಇದೆ.

ಮೂಲೆ ಹೊಲಿಯುವುದು ಮುಂದೆ ನನಗೂ ಬಂತು. ಆ ಹೊಟ್ಟೆಕಿಚ್ಚು ಆರಿತು. ಆದರೆ ತಿರುಪಿನ ಮೇಲೆ ನನ್ನ ಕೈ ಕಂಡೂ ಒಳ್ಳೆಯದಕ್ಕೇ ಇರಬೇಕು ಅಂದುಕೊಂಡ ಗಿರಿಜೆಯಂಥವರು ಆಮೇಲೆ ಸಿಗಲಿಲ್ಲ. ಬೇರೆಯವರ ಬಗ್ಗೆ ಹಾಗೆ ಅಂದುಕೊಳ್ಳಲು ನನಗೂ ಬರಲಿಲ್ಲ. ಗಿರಿಜೆಗೆ ಅದು ಅಷ್ಟು ಸಲೀಸಾಗಿ ಹೇಗೆ ಬರುತ್ತಿತ್ತೋ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.