ಮಕ್ತುಂ ಕಾಕಾನ ಕಪ್ಪು ಪ್ಯಾದೆ

ನಿನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ, ಆ ವಾಸನೆಗೆ ಬೈಲಹೊಂಗಲದ ನಮ್ಮ ಹಳೆಯ ಪಡಸಾಲೆ ಕಣ್ಣಮುಂದೆ ಬಂತು. ಪಕ್ಕದ ಮನೆಯ ದರ್ಜಿ ಮಕ್ತುಂ ಕಾಕಾ ಅಂಗಡಿ ಮುಚ್ಚಿ, ಅದೇ ಎಣ್ಣೆಗೈಯಲ್ಲಿ ಅಪ್ಪನೊಂದಿಗೆ ಚೆಸ್ ಆಡಲು ಬರುತ್ತಿದ್ದರು. ಅಪ್ಪ ಅಳೆದು ತೂಗಿ ಆಡುವ ಮನುಷ್ಯ. ಅವರು ಆಸೆ ತೋರಿಸಲು ಒಂದು ಬಿಳಿ ಪ್ಯಾದೆ ಮುಂದಿಟ್ಟರೆ, ಕಾಕಾ ಅದನ್ನು ಮುಟ್ಟುತ್ತಲೇ ಇರಲಿಲ್ಲ. ತಮ್ಮ ರಾಜನ ಮುಂದಿನ ಕಪ್ಪು ಪ್ಯಾದೆಯನ್ನೇ ಎತ್ತಿ, ಹಲಗೆಗೆ ಟಕ್ ಟಕ್ ಎಂದು ಎರಡು ಸಲ ಕುಟ್ಟಿ, ಬಲಿಗೆ ಒಡ್ಡುತ್ತಿದ್ದರು.

“ನನಗ ಆಸಿ ತೋರಸ್ತಿ ಏನಲೇ? ತಗೋ, ನಂದ ತಿನ್ನು!”

“ಹುಚ್ಚ ಹಿಡದೈತಿ ನಿನಗ. ರಾಜಾನ್ನ ಬಯಲಾಗ ನಿಲ್ಲಿಸಿದಿ,” ಅನ್ನುತ್ತಲೇ ಅಪ್ಪ ಸೋಲುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಅಪ್ಪ ಎರಡೂ ಕಡೆ ತಾವೇ ಆಡತೊಡಗಿದರು. ಕಪ್ಪಿನ ಸರದಿ ಬಂದಾಗ ಎದ್ದು ಹೋಗಿ ಕಾಕಾನ ಜಾಗದಲ್ಲಿ ಕೂರುವರು. ಒಂದು ಸಂಜೆ ಅಡುಗೆಮನೆಯಲ್ಲಿದ್ದ ಅವ್ವನಿಗೂ ನನಗೂ ಆ ಟಕ್ ಟಕ್ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಂದು ನೋಡಿದರೆ ಅಪ್ಪನ ಬಿಳಿ ರಾಜ ಸೋತು ಅಡ್ಡ ಬಿದ್ದಿತ್ತು. ಅಪ್ಪ ಬೆವೆತಿದ್ದರು.

“ಈ ಆಟ ನನಗ ಬರೂದಿಲ್ಲ,” ಎಂದು ಅವ್ವನ ಮುಖ ನೋಡಿದರು. “ಅಂವಾ ಆಡಿ ಹೋದ.”

ಅವ್ವ ಹಲಗೆಯ ಎರಡೂ ಬದಿಗೆ ಒಂದೊಂದು ಕಪ್ ಚಹಾ ತಂದಿಟ್ಟಳು.

ಕಣ್ಣು ಮಂಜಾದ ಅಪ್ಪ ಈಗ ನನ್ನ ಮನೆಯಲ್ಲೇ ಇದ್ದಾರೆ. ನಿನ್ನೆ ಎಣ್ಣೆಗೈಯಲ್ಲೇ ಆ ಹಲಗೆ ತೆಗೆದೆ. ಯಾಕೋ ಏನೋ, ಕಪ್ಪು ಪ್ಯಾದೆಯನ್ನೆತ್ತಿ ಎರಡು ಸಲ ಕುಟ್ಟಿದೆ.

“ಬಾ, ಮಕ್ತುಂ,” ಒಳಕೋಣೆಯಿಂದ ಅಪ್ಪ ಅಂದರು. “ಭಾಳ ತಡಾ ಮಾಡಿದಿ.”