ಶಿಗೆ ಕಲಿಸದೆ ಬಿಟ್ಟ ಪಾಠ

ಮಿಯಾಕೆ ಶಿಗೆ ಹಟ ಹಿಡಿದಳೆಂದರೆ ಮುಗಿಯಿತು, ಜಪ್ಪಯ್ಯ ಅಂದರೂ ಬಿಡುವ ಹೆಂಗಸಲ್ಲ. ಇದು ಹಿಕೊನೆ ಊರಿನ ಮೀನಂಗಡಿಯವರಿಗೆ ಗೊತ್ತು, ಕೋಟೆಯ ಕೆಳಗಿನ ಹಳೆಯ ಸಮುರಾಯ್ ಕೇರಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ಹೆಡ್‌ಮಾಸ್ಟರ್ ಕಾಜಿತಾ ಅವರೊಬ್ಬರಿಗೇ. ಎರಡು ವರ್ಷ ಇಂಗ್ಲೆಂಡಿನಲ್ಲಿದ್ದು ಬಂದವರು. ಹೋಗುವಾಗ ಮೀಸೆ ಇರಲಿಲ್ಲ, ಬರುವಾಗ ಇತ್ತು.

ಶಿಗೆ ಆ ಶಾಲೆಯಲ್ಲಿ ನಗಿನಾತ ಕಲಿಸುತ್ತಿದ್ದಳು. ಆಳೆತ್ತರದ ಕೋಲು, ತುದಿಗೆ ಬಾಗಿದ ಅಲಗು. ಮಕ್ಕಳ ಕೈಗೆ ಕೊಡುವಾಗ ಅಲಗಿನ ಜಾಗದಲ್ಲಿ ಬಿದಿರು. ಗಂಡಸರು ಯುದ್ಧಕ್ಕೆ ಹೋದಾಗ ಮನೆಯ ಹೆಂಗಸು ಬಾಗಿಲು ಕಾಯುತ್ತಿದ್ದದ್ದು ಇದರಿಂದಲೇ. ಸರ್ಕಾರ ಸಮುರಾಯ್‌ಗಳ ಸೊಂಟದಿಂದ ಕತ್ತಿ ಬಿಚ್ಚಿಸಿ ಹದಿನೈದು ವರ್ಷವಾಗಿತ್ತು. ಹೆಂಗಸರ ಕೋಲನ್ನು ಕೇಳಲು ಮಾತ್ರ ಯಾರೂ ಬಂದಿರಲಿಲ್ಲ. ಹೆಂಗಸರನ್ನು ಯಾರು ತಾನೇ ಲೆಕ್ಕಕ್ಕೆ ಹಿಡಿಯುತ್ತಾರೆ? ಹನ್ನೊಂದು ಹುಡುಗಿಯರು ಕಲಿಯುತ್ತಿದ್ದರು. ಗಂಡ ಸತ್ತ ಮೇಲೆ ಶಿಗೆಗೆ ಬೆಳಗ್ಗೆ ಹಾಸಿಗೆ ಬಿಟ್ಟು ಏಳಲು ಇದ್ದ ಕಾರಣ ಆ ಹನ್ನೊಂದು ಮಂದಿಯೇ.

ಜಗಳ ಶುರುವಾದದ್ದು ಬಾಗಿಲಲ್ಲಿ. ಬಂದ ಮೊದಲ ದಿನವೇ ಕಾಜಿತಾ ಸಭಾಂಗಣದ ಬಾಗಿಲು ತೆರೆದು, ಪಕ್ಕಕ್ಕೆ ಸರಿದು, ಕೈ ಚಾಚಿ, "ಮೊದಲು ನೀವು ಹೋಗಿ" ಅಂದರು.

ಶಿಗೆ ಕದಲಲಿಲ್ಲ. ಒಳಗೆ ಯಾರಿದ್ದಾರೆ, ಏನಿದೆ ಗೊತ್ತಿಲ್ಲದ ಕೋಣೆಗೆ ಗಂಡಸು ಮೊದಲು ಕಾಲಿಡಬೇಕು. ಏಟು ಬಿದ್ದರೆ ಅವನ ಮೇಲೆ ಬೀಳಬೇಕು. ಅವಳಪ್ಪ ಹಾಗೆ ನಡೆದವನು, ಗಂಡನೂ ಹಾಗೆ ನಡೆದವನು. ಹೆಂಗಸನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವ ಸಮುರಾಯ್ ಮನೆತನದವನನ್ನು ಅವಳು ಕಂಡದ್ದು ಅವತ್ತೇ.

"ನೀವೇ ನಡೀರಿ. ನಾನು ಹಿಂದೆ ಬರ್ತೀನಿ" ಅಂದಳು.

"ಛೇ ಛೇ, ಹೆಂಗಸರು ಮೊದಲು. ಅದು ಮರ್ಯಾದೆ."

"ಒಳಗೆ ಹೋಗೋಕೆ ಭಯ ಆಗ್ತಿದ್ರೆ ಹೇಳಿ, ಕೋಲು ತರ್ತೀನಿ."

ಮೂರು ಬೆಳಗ್ಗೆಯೂ ಇದೇ ನಾಟಕ. ಅವರು ಒಂದು ಪಕ್ಕ, ಇವಳು ಒಂದು ಪಕ್ಕ, ನಡುವೆ ತೆರೆದ ಬಾಗಿಲು. ಹುಡುಗಿಯರು ತೋಳಿಗೆ ಬಾಯಿ ಒತ್ತಿಕೊಂಡು ನಕ್ಕರು. ನಾಲ್ಕನೆಯ ದಿನ ಕಾಜಿತಾ ಅವಳನ್ನು ಕಚೇರಿಗೆ ಕರೆಸಿ ಕಡ್ಡಿ ಮುರಿದಂತೆ ಹೇಳಿದರು.

"ಯೂರೋಪಿನಲ್ಲಿ ನೈಟ್ ಅಂತ ಕುದುರೆ ವೀರರಿದ್ರು. ಹೆಂಗಸನ್ನ ಕಾಯೋದೇ ಅವರ ವ್ರತ. ಕಾಯೋಕೆ ಗಂಡಸಿರುವಾಗ ಹೆಂಗಸು ಆಯುಧ ಹಿಡಿದ್ರೆ ಅದು ಗಂಡಸಿಗೇ ಅವಮಾನ. ಶುಕ್ರವಾರ ಪ್ರಾಂತ್ಯದ ಇನ್‌ಸ್ಪೆಕ್ಟರ್ ಬರ್ತಾರೆ. ನಿಮ್ಮ ಕ್ಲಾಸು ಮುಚ್ಚಿ ಕಸೂತಿ ಶುರು ಮಾಡೋಣ ಅಂತ ಕೇಳ್ತೀನಿ."

"ಅವರ ಮುಂದೆ ನನಗೂ ಮಾತಾಡೋಕೆ ಬಿಡಿ."

"ಧಾರಾಳವಾಗಿ. ನೈಟ್ ಆದವನು ಹೆಂಗಸಿನ ಮಾತು ತೆಗೆದುಹಾಕಲ್ಲ."

ಅವತ್ತು ಸಂಜೆ ಶಿಗೆ ಒಂದು ಪೊಟ್ಟಣ ಹಿಡಿದು ಇಂಗ್ಲಿಷ್ ಮೇಷ್ಟ್ರು ಹಾರ್ಟ್ಲಿಯ ಮನೆಗೆ ಹೋದಳು. ಹಾರ್ಟ್ಲಿ ಊರಿಗೆ ಬಂದು ಹದಿನಾಲ್ಕು ವರ್ಷವಾಗಿದ್ದ ಮುದುಕ. ಊರ ಪಕ್ಕದ ಸರೋವರದ ಮೀನನ್ನು ಅನ್ನದಲ್ಲಿ ಹೂತು ವರ್ಷಗಟ್ಟಲೆ ಹುಳಿಸಿದ ಸುಶಿಯ ನಾತಕ್ಕೆ ಕ್ಯೋತೋದವರೇ ಮೂಗು ಮುಚ್ಚಿಕೊಳ್ಳುತ್ತಾರೆ; ಈತ ಅವಳು ತಂದ ಪೊಟ್ಟಣ ಬಿಚ್ಚಿ ಬೆರಳು ಚೀಪುತ್ತಿದ್ದ.

"ಎದುರಾಳಿ ಹೆಜ್ಜೆ ಹೇಗಿಡ್ತಾನೆ ಗೊತ್ತಿಲ್ದೆ ಕಣಕ್ಕೆ ಇಳೀಬಾರ್ದು" ಅಂದಳು ಶಿಗೆ. "ನಿಮ್ಮ ನೈಟ್ ಎಂಥವನು, ಹೇಳಿ."

"ಮೈತುಂಬ ಕಬ್ಬಿಣ, ಕೆಳಗೆ ಕುದುರೆ. ದೊರೆಗೆ ನಿಷ್ಠೆ, ದೇವರಿಗೆ ನಿಷ್ಠೆ, ಮೆಚ್ಚಿದ ಹೆಂಗಸಿಗೂ ನಿಷ್ಠೆ. ಅವಳು ಕೊಟ್ಟ ಬಟ್ಟೆ ತುಂಡನ್ನ ತೋಳಿಗೆ ಕಟ್ಕೊಂಡು ಕಾದಾಡ್ತಿದ್ದ."

"ಅವಳು ಅಂದ್ರೆ ಹೆಂಡ್ತಿ ತಾನೆ?"

"ಸಾಮಾನ್ಯವಾಗಿ ಬೇರೆಯವರ ಹೆಂಡ್ತಿ."

ಶಿಗೆ ಚಹಾ ಬಟ್ಟಲು ಕೆಳಗಿಟ್ಟಳು. "ಮೂರು ಜನ ಯಜಮಾನರು. ನಮ್ಮೋರಿಗೆ ಒಬ್ಬನೇ ಇದ್ದ, ಅದಕ್ಕೇ ಸಾಯೋಕೆ ಪುರುಸೊತ್ತು ಸಿಗ್ತಿತ್ತು. ಸರಿ, ಬಾಗಿಲಲ್ಲಿ ಹೆಂಗಸನ್ನ ಯಾಕೆ ಮುಂದೆ ತಳ್ತೀರಿ?"

"ಗೌರವ ಅಂತ ನಮ್ಮಮ್ಮ ಹೇಳ್ಕೊಟ್ಟಿದ್ರು. ಒಳಗೆ ಕತ್ತಿ ಹಿಡಿದವನು ಇರಬಹುದು ಅಂತ ಈ ಅರವತ್ತು ವರ್ಷದಲ್ಲಿ ನಾನು ಯೋಚನೆನೇ ಮಾಡಿಲ್ಲ ನೋಡಿ."

"ನೈಟ್ ಸೋತ್ರೆ?"

"ಕತ್ತಿ ಕೆಳಗಿಟ್ಟು ಶರಣು ಅಂತಾನೆ. ಹಾಗಂದವನನ್ನ ಗೆದ್ದವನು ಕೊಲ್ಲಬಾರದು, ಊಟ ಹಾಕಬೇಕು. ಆಮೇಲೆ ಇವನು ಮನೆಗೆ ಹೋಗ್ತಾನೆ."

"ಮನೆಗೆ? ಹೆಂಡ್ತಿ ಮುಖ ಹೇಗೆ ನೋಡ್ತಾನೆ?"

"ಕಣ್ಣಲ್ಲೇ ನೋಡ್ತಾನೆ, ಇನ್ನೇನು ಮಾಡ್ತಾನೆ."

ಥೂ, ನಾಚಿಕೆಗೆಟ್ಟ ಜನ ಎಂದುಕೊಂಡೇ ಶಿಗೆ ಹೊರಟಳು. ಕೋಟೆಯ ಕಂದಕದ ಸೇತುವೆಯ ಮೇಲೆ ಬಂದಾಗ ಕಾಲು ತಾನಾಗಿ ನಿಂತಿತು.

ಅವಳ ಗಂಡ ಸೋಹೆಯ್, ಕತ್ತಿ ಹೋದ ಮೇಲೆ, ರೇಷ್ಮೆ ಗೋದಾಮೊಂದಕ್ಕೆ ಕಾವಲುಗಾರನಾಗಿದ್ದ. ಒಂದು ದಿನ ಗೋದಾಮಿಗೆ ಬೆಂಕಿ ಬಿತ್ತು. ಯಾರೂ ಸಾಯಲಿಲ್ಲ. ಅವನನ್ನು ಯಾರೂ ಬೈಯಲೂ ಇಲ್ಲ. ಗಾಳಿಯ ತಪ್ಪು, ನಿನ್ನದೇನಿದೆ ಎಂದರು ಯಜಮಾನರು. ಕಾವಲು ನನ್ನದು ಎಂದಷ್ಟೇ ಹೇಳಿದವನು ಮೂರನೆಯ ಬೆಳಗ್ಗೆ ಬಿಳಿ ಬಟ್ಟೆ ಉಟ್ಟು ಹೊಟ್ಟೆ ಸೀಳಿಕೊಂಡ. ಊರಿಗೆ ಊರೇ ಬಂದು ತಲೆಬಾಗಿ ಹೊಗಳಿತು. ಒಂದೊಂದು ಹೊಗಳಿಕೆಗೂ ಶಿಗೆ ಹಣೆಯನ್ನು ನೆಲಕ್ಕೆ ಮುಟ್ಟಿಸಿದಳು. ಒಳಗೆ ಅವಳಿಗೆ ಬಂದದ್ದು ಸಿಟ್ಟು, ಬರೀ ಸಿಟ್ಟು. ಏಳು ವರ್ಷವಾದರೂ ಅದು ಆರಿರಲಿಲ್ಲ.

ನಗಿನಾತ ಕಲಿತವಳಿಗೆ ಕೊನೆಯದೊಂದು ಪಾಠವಿದೆ. ಸೋಲು ಖಚಿತವಾದಾಗ, ವೈರಿಯ ಕೈಗೆ ಸಿಗುವ ಮುಂಚೆ, ಎದೆಯ ಬಳಿ ಇಟ್ಟುಕೊಂಡ ಚಿಕ್ಕ ಚೂರಿಯಿಂದ ತನ್ನನ್ನು ತಾನೇ ಮುಗಿಸಿಕೊಳ್ಳುವ ಪಾಠ. ಶಿಗೆಗೆ ಅವಳ ತಾಯಿ ಹನ್ನೆರಡನೆಯ ವಯಸ್ಸಿಗೇ ಕಲಿಸಿದ್ದಳು. ಶಿಗೆ ತನ್ನ ಹುಡುಗಿಯರಿಗೆ ಅದನ್ನು ಕಲಿಸಿರಲಿಲ್ಲ, ಕಲಿಸಿಲ್ಲವೆಂದು ಯಾರಿಗೂ ಹೇಳಿರಲೂ ಇಲ್ಲ.

ಶುಕ್ರವಾರ ಇನ್‌ಸ್ಪೆಕ್ಟರ್ ತೊಗಾವಾ ಬಂದರು. ಅವರೂ ಹುಟ್ಟಿನಿಂದ ಸಮುರಾಯ್; ಕೋಟು ತೊಟ್ಟಿದ್ದರೂ ಎಡಗೈ ಸೊಂಟದಲ್ಲಿ ಇಲ್ಲದ ಕತ್ತಿಯನ್ನು ಹುಡುಕುತ್ತಿತ್ತು. ಕಾಜಿತಾ ಅರ್ಧ ಗಂಟೆ ನೈಟ್‌ಗಳ ಗುಣಗಾನ ಮಾಡಿದರು. ತೊಗಾವಾ ಆಕಳಿಸಿದರು. ಆಮೇಲೆ ಹುಡುಗಿಯರು ಸಾಲಾಗಿ ಬಂದು ಕೋಲು ಬೀಸಿದರು. ತೊಗಾವಾ ಅವರ ಬೆನ್ನು ನೆಟ್ಟಗಾಯಿತು.

"ಕಾಜಿತಾ ಅವರೇ, ನಿಮ್ಮ ನೈಟು ಗೀಟು ಅವರ ದೇಶದಲ್ಲೇ ಇರಲಿ" ಅಂದರು ತೊಗಾವಾ. "ಮನೇಲೇ ಇರೋದನ್ನ ಪಕ್ಕದ ಮನೆಯಿಂದ ಎರವಲು ತರ್ತಾರಾ? ಈ ಕ್ಲಾಸು ಉಳೀಬೇಕು." ಆಮೇಲೆ ಶಿಗೆಯ ಕಡೆ ತಿರುಗಿದರು. "ಕೊನೇ ಪಾಠ ಕಲಿಸಿದೀರಲ್ವಾ, ಮಿಯಾಕೆಯವರೇ? ಅದಿಲ್ದಿದ್ರೆ ಇದು ಬರೀ ಕೋಲಾಟ."

ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಹೌದು ಅಂದು, ಅವರು ಹೋದ ಮೇಲೆ ಕಲಿಸದೆ ಬಿಟ್ಟಿದ್ದರೆ ಯಾರು ನೋಡಲು ಬರುತ್ತಿದ್ದರು? ಆದರೆ ಹನ್ನೊಂದು ಹುಡುಗಿಯರೂ ಅವಳ ಮುಖವನ್ನೇ ನೋಡುತ್ತಿದ್ದರು. ಟೀಚರು ಹೌದು ಅಂದ ಪಾಠವನ್ನು ಮಕ್ಕಳು ಕಲಿಸದೆಯೂ ಕಲಿಯುತ್ತಾರೆ.

"ಇಲ್ಲ" ಅಂದಳು ಶಿಗೆ. "ಕಲಿಸಿಲ್ಲ. ಕಲಿಸೋದೂ ಇಲ್ಲ."

"ಮರೆತುಬಿಟ್ರಾ?"

"ಚೆನ್ನಾಗಿ ನೆನಪಿದೆ. ನಮ್ಮನೆಯವರಿಗೂ ಅವರ ಪಾಠ ಚೆನ್ನಾಗಿ ನೆನಪಿತ್ತು."

ತೊಗಾವಾ ದನಿ ತಗ್ಗಿಸಿದರು. "ಸೋಹೆಯ್ ಅವರ ಹೆಸರನ್ನ ನಾನೂ ಕೇಳಿದೀನಿ. ಅಂಥವರ ಮನೆಯಿಂದ ಇಂಥ ಮಾತೇ?"

"ಅಂಥವರ ಮನೆಯಿಂದಲೇ ಬರಬೇಕು. ಬೇರೆಯವರಿಗೆ ಏನು ಗೊತ್ತಿರುತ್ತೆ? ನೀವೆಲ್ಲ ಹೊಗಳಿ ಮನೆಗೆ ಹೋದ್ರಿ. ನಾನು ಚಾಪೆ ತೊಳೆದೆ." ಅವಳು ಹುಡುಗಿಯರ ಕಡೆ ಕೈ ತೋರಿದಳು. "ಕಾಯೋದು ಕಲಿಸ್ತೀನಿ, ಕಾದಾಡೋದು ಕಲಿಸ್ತೀನಿ. ಸಾಯೋದನ್ನ ಈ ಮಕ್ಕಳು ನನ್ನ ಹತ್ರ ಕಲಿಯೋದು ಬೇಡ."

"ನೈಟ್‌ಗಳಲ್ಲಿ ಕೂಡ..." ಎಂದು ಕಾಜಿತಾ ಬಾಯಿ ತೆರೆದರು.

"ನೀವು ಸುಮ್ನಿರಿ" ಅಂದರು ತೊಗಾವಾ ಮತ್ತು ಶಿಗೆ, ಇಬ್ಬರೂ ಒಟ್ಟಿಗೆ.

ಕ್ಲಾಸು ಮುಚ್ಚಿತು. ಸೋಮವಾರದಿಂದ ಶಾಲೆಯಲ್ಲಿ ಕಸೂತಿ. ಶಿಗೆ ಕೋಲುಗಳನ್ನೆಲ್ಲ ಹೊತ್ತು ತಂದು ತನ್ನ ಮನೆಯಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಬರುವವರು ಶಾಲೆಗೆ ಮುಂಚೆ ಬನ್ನಿ ಎಂದು ಹೇಳಿ ಕಳಿಸಿದಳು. ಹನ್ನೊಂದು ಮಂದಿಯಲ್ಲಿ ಆರು ಮಂದಿ ಬಂದರು. ಉಳಿದವರ ಅಪ್ಪಂದಿರು ಬಿಡಲಿಲ್ಲ. ಆರಾದರೆ ಆರು, ಅಂದುಕೊಂಡಳು.

ಎಲ್ಲರಿಗಿಂತ ದೊಡ್ಡವಳು ಕಿಯೊ. ಅವಳನ್ನು ಎದುರಿಗೆ ನಿಲ್ಲಿಸಿ, "ಹೊಡಿ" ಅಂದಳು. ಹುಡುಗಿಯ ಬಿದಿರು ಶಿಗೆಯ ಮೊಣಕಾಲ ಕೆಳಗೆ ಫಟ್ಟನೆ ಬಿತ್ತು. ಶಿಗೆ ಕೋಲನ್ನು ನೆಲದ ಮೇಲೆ ಮಲಗಿಸಿದಳು. ಮಂಡಿಯೂರಿದಳು. "ಸೋತೆ" ಎಂದು ಗಟ್ಟಿಯಾಗಿ ಹೇಳಿ ತಲೆಬಾಗಿದಳು. ಆಮೇಲೆ ಎದ್ದು, ಮಂಡಿಯ ಧೂಳು ಕೊಡವಿ, ಬೆನ್ನು ನೆಟ್ಟಗೆ ಮಾಡಿಕೊಂಡು ಅಂಗಳ ದಾಟಿ ಜಗುಲಿಯ ಮೇಲೆ ಹೋಗಿ ಕುಳಿತಳು.

ಹುಡುಗಿಯರು ಮುಖ ಮುಖ ನೋಡಿಕೊಂಡರು. "ಸೆನ್ಸೆಯ್, ಇದು ಯಾವ ಪಾಠ?" ಕಿಯೊ ಕೇಳಿದಳು.

"ಕೊನೇದು. ಒಬ್ಬೊಬ್ಬರಾಗಿ ಬಂದು ಮಾಡಿ ತೋರ್ಸಿ."

ಕಲಿಸುವುದು ಸುಲಭವಾಗಲಿಲ್ಲ. ಮಂಡಿಯೂರುವುದು ಎಲ್ಲರಿಗೂ ಬಂತು; ತಲೆಯೆತ್ತಿ ಏಳುವುದು ಬರಲಿಲ್ಲ. ಒಬ್ಬಳು ಅತ್ತಳು, ಒಬ್ಬಳು ನಕ್ಕಳು, ಶಿಗೆ ಇಬ್ಬರಿಂದಲೂ ಮತ್ತೆ ಮಾಡಿಸಿದಳು. ಶಾಲೆಯ ಗಂಟೆ ಬಾರಿಸುವ ತನಕ, ಸೋತು ಎದ್ದು ನಡೆದು ಹೋಗುವುದನ್ನು ಆರೂ ಮಂದಿಯಿಂದ ಮಾಡಿಸುತ್ತಲೇ ಇದ್ದಳು. ಸೋಹೆಯ್‌ಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.